ನೋವಿನ ಜಾಗ ಒತ್ತಿ ಎನ್ನುವ ಟ್ಯಾಬ್: ಆ ಚಿತ್ರ ಹೇಳುವುದೇನು, ಯಾರಿಗೆ?

2025ರ ನವೆಂಬರ್‌ನಲ್ಲಿ ಎರಡು ಸುದ್ದಿ ಒಂದರ ಹಿಂದೊಂದು ಬಂದವು. ತಿಂಗಳ ನಡುವಿಗೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ನಿಯಮಗಳು ಗೆಜೆಟ್‌ನಲ್ಲಿ ಪ್ರಕಟವಾದವು. 21ನೇ ತಾರೀಕು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಂಹಿತೆಗಳ ಬಗ್ಗೆ ಕೇಂದ್ರ ಸರ್ಕಾರ ಎತ್ತಿ ಹೇಳಿದ ಮಾತುಗಳಲ್ಲಿ ಒಂದು, 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಇದು ಎಲ್ಲರಿಗೂ ಅರ್ಥವಾಯಿತು. ಮೊದಲನೇ ಸುದ್ದಿಯನ್ನು ಮಾತ್ರ ‘ಅದು ಮೊಬೈಲ್ ಕಂಪನಿಯವರ ವಿಷಯ, ನಮಗೇನು’ ಅಂತ ಬಹಳ ಜನ ಬಿಟ್ಟುಬಿಟ್ಟರು.

ಆದರೆ ಎರಡೂ ಬಂದು ಸೇರುವ ಜಾಗವೊಂದಿದೆ. ಅದು ತಪಾಸಣೆ ಶಿಬಿರದ ಮೇಜಿನ ಮೇಲಿನ ಟ್ಯಾಬ್. ಹರಿಹರದ ಕಾರ್ಖಾನೆಯಿರಲಿ, ದಾವಣಗೆರೆಯ ದೊಡ್ಡ ಅಂಗಡಿಯಿರಲಿ, ಚಿತ್ರದುರ್ಗದ ಗಣಿಯಿರಲಿ, ವರ್ಷ ವರ್ಷ ಇಷ್ಟೊಂದು ಜನರನ್ನು ತಪಾಸಣೆ ಮಾಡಿಸಬೇಕು ಅಂದರೆ ಮಾಲೀಕರು ಕಡಿಮೆ ಖರ್ಚಿನ, ಬೇಗ ಮುಗಿಯುವ ದಾರಿ ಹುಡುಕುವುದು ಸಹಜ. ಹಾಗೆ ಹುಡುಕಿದಾಗ ಸಿಗುವುದು ವೆಲ್‌ನೆಸ್ ಸಾಫ್ಟ್‌ವೇರ್. ಬಿಪಿ, ಶುಗರ್, ತೂಕ ತುಂಬಿದ ಮೇಲೆ ಪರದೆಯಲ್ಲಿ ಮನುಷ್ಯನ ಚಿತ್ರವೊಂದು ಬರುತ್ತದೆ. ‘ಎಲ್ಲಿ ನೋವಿದೆಯೋ ಅಲ್ಲಿ ಒತ್ತಿ’ ಅನ್ನುತ್ತದೆ. ಬಾಡಿ ಮ್ಯಾಪ್ ಅಂದರೆ ಇದೇ. ನಾವು ದೇಹದ ನಕ್ಷೆ ಅನ್ನೋಣ.

ಸಾಲಿನಲ್ಲಿ ನಿಂತವರ ಗೊಂದಲ ಇಲ್ಲಿಂದಲೇ ಶುರು. ಇದು ಡಾಕ್ಟರ್ ಪರೀಕ್ಷೆಯಾ, ಸುಮ್ನೆ ಸರ್ವೆಯಾ? ಮಂಡಿ ಮೇಲೆ ಒತ್ತಿದರೆ ಔಷಧಿ ಸಿಗುತ್ತದಾ, ಕೆಲಸ ಹೋಗುತ್ತದಾ? ಕೇಳಬೇಕಾದ ಪ್ರಶ್ನೆಗಳೇ ಇವು.

ಒತ್ತಿದಾಗ ಆಗುವುದೇನು

ಪರದೆಯಲ್ಲಿ ಸಾಮಾನ್ಯವಾಗಿ ಎರಡು ಚಿತ್ರ ಇರುತ್ತವೆ. ಒಂದು ಎದುರಿನಿಂದ ಕಂಡಂತೆ, ಇನ್ನೊಂದು ಬೆನ್ನಿನ ಕಡೆಯಿಂದ ಕಂಡಂತೆ. ನೋಡುವುದಕ್ಕೆ ಒಂದೇ ಚಿತ್ರ, ಒಳಗೆ ಅದನ್ನು ತುಂಡು ತುಂಡು ಮಾಡಿರುತ್ತಾರೆ. ಪ್ರತಿ ತುಂಡಿಗೂ ಒಂದು ಗುರುತು. ನೀವು ಬಲ ಮಂಡಿ ಒತ್ತಿದರೆ ಆ ತುಂಡು ಕೆಂಪಾಗುತ್ತದೆ. ಹಿಂದೆಯೇ ಚಿಕ್ಕ ಪ್ರಶ್ನೆಗಳು ಬರುತ್ತವೆ: ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ದಿನದಿಂದ, ಉರಿಯಾ, ಸೆಳೆತವಾ, ಜೋಮಾ? ಕೊನೆಗೆ ಕಂಪ್ಯೂಟರಿನಲ್ಲಿ ಉಳಿಯುವುದು ಚಿತ್ರವಲ್ಲ. ಹೆಸರು, ಮಂಡಿಯ ಗುರುತು, ನೋವಿನ ಅಂಕಿ, ದಿನಾಂಕ ಇರುವ ಒಂದು ಸಾಲು. ಸಾಲು ಅಂದಮೇಲೆ ಅದನ್ನು ಎಣಿಸಬಹುದು, ಕೂಡಬಹುದು, ಇನ್ನೊಬ್ಬರಿಗೆ ಕಳಿಸಲೂಬಹುದು. ಮುಂದಿನ ಒಳ್ಳೆಯದು, ಕೆಟ್ಟದ್ದು ಎಲ್ಲ ಹುಟ್ಟುವುದು ಇಲ್ಲಿಂದ.

ದೇಹವನ್ನು ಎಷ್ಟು ತುಂಡು ಮಾಡಬೇಕು ಅನ್ನುವುದರಲ್ಲಿ ಒಮ್ಮತವಿಲ್ಲ. ಕೆಲಸದ ಜಾಗದ ಮೈಕೈ ನೋವು ಅಳೆಯಲು 1987ರಲ್ಲಿ ಬಂದ ನಾರ್ಡಿಕ್ ಪ್ರಶ್ನಾವಳಿಯಲ್ಲಿ ಇರುವುದು 9 ಭಾಗ. ಮೈಯೆಲ್ಲ ಬಹಳ ದಿನ ನೋಯುವ ಫೈಬ್ರೊಮಯಾಲ್ಜಿಯಾ ಅನ್ನುವ ಕಾಯಿಲೆ ಗುರುತಿಸಲು 2010ರಲ್ಲಿ ಅಮೆರಿಕದ ವೈದ್ಯರು ಒಪ್ಪಿದ ಪಟ್ಟಿಯಲ್ಲಿ 19. ಮಿಷಿಗನ್ ವಿಶ್ವವಿದ್ಯಾಲಯದ ನಕ್ಷೆಯಲ್ಲಿ 35. ಸ್ಟ್ಯಾನ್‌ಫರ್ಡ್‌ನವರದರಲ್ಲಿ 74. ತುಂಡು ಜಾಸ್ತಿಯಾದಷ್ಟೂ ಜಾಗ ಕರಾರುವಾಕ್ಕಾಗಿ ಸಿಗುತ್ತದೆ, ನಿಜ. ಆದರೆ ಚಿಕ್ಕ ಮೊಬೈಲ್‌ನಲ್ಲಿ, ದುಡಿದು ಗಡುಸಾದ ಹೆಬ್ಬೆರಳಲ್ಲಿ ಮಣಿಕಟ್ಟು ಒತ್ತಲು ಹೋದರೆ ತೊಡೆ ಕೆಂಪಾಗುತ್ತದೆ.

ಇನ್ನೂ ಒಂದು ಎಡವಟ್ಟಿದೆ. ಎದುರು ನಿಂತ ಚಿತ್ರದ ಎಡಗೈ ಪರದೆಯ ಬಲಭಾಗದಲ್ಲಿರುತ್ತದೆ. ಬೆನ್ನು ತೋರಿಸುವ ಚಿತ್ರದಲ್ಲಿ ಅದೇ ಎಡಗೈ ಪರದೆಯ ಎಡಭಾಗಕ್ಕೆ ಬರುತ್ತದೆ. ಕನ್ನಡಿ ನೋಡಿ ಅಭ್ಯಾಸವಾದ ನಮಗೆ ಎದುರಿನ ಚಿತ್ರ ನೋಡಿದಾಗ ಕೈ ತಾನಾಗಿ ತಪ್ಪು ಕಡೆ ಹೋಗುತ್ತದೆ. ಎಡ ಹೆಗಲಿನ ನೋವು ಬಲ ಹೆಗಲಿನದೆಂದು ದಾಖಲಾಗುತ್ತದೆ. ಚಿತ್ರದ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಡ’, ‘ಬಲ’ ಅಂತ ಬರೆದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಕಷ್ಟದ ಕೆಲಸವೇನಲ್ಲ.

ಕಾಗದದ ಕಾಲದಿಂದ ಬಂದ ಜಗಳ

ದೇಹದ ಚಿತ್ರದ ಮೇಲೆ ಗುರುತು ಹಾಕುವುದು ಆಸ್ಪತ್ರೆಗಳಿಗೆ ಹೊಸದೇನಲ್ಲ. ಕುಷ್ಠರೋಗದ ಕಾರ್ಡಿನಲ್ಲಿ ಮಚ್ಚೆ ಎಲ್ಲೆಲ್ಲಿದೆ ಅಂತ ಚಿತ್ರದ ಮೇಲೆ ಗುರುತು ಮಾಡುತ್ತಾರೆ. ಸುಟ್ಟ ಗಾಯ ಬಂದಾಗ ತಲೆಗೆ ಶೇ 9, ಒಂದೊಂದು ಕೈಗೆ 9, ಒಂದೊಂದು ಕಾಲಿಗೆ 18 ಅಂತ ಲೆಕ್ಕ ಹಾಕಿ ಮೈ ಎಷ್ಟು ಸುಟ್ಟಿದೆ ಅಂತ ಅಂದಾಜು ಮಾಡುತ್ತಾರೆ. ಪೊಲೀಸ್ ಕೇಸಿನ ಗಾಯದ ವರದಿಗಳಲ್ಲೂ ಇಂಥ ಚಿತ್ರ ಇರುವುದುಂಟು.

ಇವೆಲ್ಲ ನೋಡುವವರು ಕಣ್ಣಾರೆ ನೋಡಿ ಹಾಕಿದ ಗುರುತು. ನೋವಿನ ನಕ್ಷೆ ಹಾಗಲ್ಲ. ಅದನ್ನು ತುಂಬುವವರು ನೋವು ಇರುವವರೇ. ನೋವು ಹೊರಗೆ ಕಾಣುವುದಿಲ್ಲವಾದ್ದರಿಂದ ಶುರುವಿನಿಂದಲೂ ಈ ನಕ್ಷೆಯ ಸುತ್ತ ಒಂದು ಅನುಮಾನ ಸುತ್ತುತ್ತಲೇ ಇದೆ: ಇವರು ಹೇಳುತ್ತಿರುವುದು ನಿಜವಾ?

1949ರಲ್ಲಿ ನ್ಯೂಜಿಲೆಂಡಿನ ವೈದ್ಯ ಪಾಮರ್ ನೋವಿನ ಚಿತ್ರಗಳ ಬಗ್ಗೆ ಬರೆದಾಗಲೇ ಅದರ ಉದ್ದೇಶ ದೇಹದ ಕಾಯಿಲೆಯ ನೋವು ಯಾವುದು, ಅಲ್ಲದ್ದು ಯಾವುದು ಅಂತ ಬೇರ್ಪಡಿಸುವುದಾಗಿತ್ತು. 1976ರಲ್ಲಿ ರಾನ್ಸ್‌ಫರ್ಡ್ ಮತ್ತು ಜೊತೆಗಾರರು ಸೊಂಟನೋವಿನ ರೋಗಿಗಳ ಚಿತ್ರಗಳಿಗೆ ಅಂಕ ಕೊಡುವ ಪದ್ಧತಿ ತಂದರು. ವೈದ್ಯರ ಪುಸ್ತಕಕ್ಕೆ ಹೊಂದದ ಹಾಗೆ ನೋವು ಹರಡಿದ್ದರೆ, ಗೆರೆ ದೇಹದ ಆಚೆಗೆ ಹೋಗಿದ್ದರೆ ಅಂಕ ಏರುತ್ತಿತ್ತು. ಅಂಕ ಏರಿದವರ ತೊಂದರೆಗೆ ಮಾನಸಿಕ ಕಾರಣವೂ ಇರಬಹುದೆಂಬ ತೀರ್ಮಾನ. ಬಹಳ ವರ್ಷ ಇದು ಬಳಕೆಯಲ್ಲಿತ್ತು. 2006ರಲ್ಲಿ ಅಷ್ಟೂ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು, ನೋವಿನ ಚಿತ್ರ ನೋಡಿ ಮನಸ್ಸಿನ ಸ್ಥಿತಿ ಅಳೆಯುವುದಕ್ಕೆ ಆಧಾರ ಸಾಲದು ಅಂದರು.

ಈ ಹಳೇ ಕಥೆ ಯಾಕೆ ಅಂದರೆ, ಇಂದು ಅದೇ ಲೆಕ್ಕವನ್ನು ಸಾಫ್ಟ್‌ವೇರ್ ಮಾಡಬಹುದು. ಮೈಯೆಲ್ಲ ಕೆಂಪು ಮಾಡಿದವರನ್ನು ‘ಒತ್ತಡ ಜಾಸ್ತಿ ಇರುವವರು’ ಅಂತ ಬದಿಗೆ ಸರಿಸುವ ಲೆಕ್ಕ ಒಳಗೆ ಕೂತಿದ್ದರೆ ಪರದೆಯ ಮುಂದೆ ಇರುವವರಿಗೆ ತಿಳಿಯುವ ದಾರಿಯೇ ಇಲ್ಲ. ಕಾಗದದ ಕಾಲದಲ್ಲಿ ಅಂಕ ಹಾಕುವ ಡಾಕ್ಟರ್ ಎದುರಿಗಾದರೂ ಇರುತ್ತಿದ್ದರು.

ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ

ನಕ್ಷೆಯ ದೊಡ್ಡ ಮಿತಿ ಇದು. ನೋವು ಕಾಣಿಸುವ ಜಾಗದಲ್ಲೇ ರೋಗ ಇರಬೇಕೆಂದಿಲ್ಲ. ಪಿತ್ತಕೋಶದ ತೊಂದರೆ ಬಲ ಹೆಗಲಿನಲ್ಲಿ ನೋಯಬಹುದು. ಸೊಂಟದ ಕೀಲು ಸವೆದರೆ ಮಂಡಿ ನೋಯಬಹುದು. ಬೆನ್ನುಮೂಳೆಯ ಹತ್ತಿರ ನರ ಒತ್ತಿಕೊಂಡರೆ ಮೀನಖಂಡದಲ್ಲಿ ಸೆಳೆತ. ಹೃದಯಾಘಾತ ಎಡಗೈ, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ. ಗ್ಯಾಸ್ ಅಂತ ಸೋಡಾ ಕುಡಿದು ಕೂತವರ ಕಥೆ ಪ್ರತಿ ಊರಿನಲ್ಲೂ ಇದೆ.

ಹಾಗಾಗಿ ಎದೆ, ಎಡಗೈ, ದವಡೆ ಒಟ್ಟಿಗೆ ಒತ್ತಿದವರಿಗೆ ಸಾಫ್ಟ್‌ವೇರ್ ಇನ್ನೂ ಹತ್ತು ಪ್ರಶ್ನೆ ಕೇಳುತ್ತಾ ಕೂರಬಾರದು. ಅಲ್ಲೇ ನಿಲ್ಲಿಸಿ ‘ಈಗಲೇ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ’ ಅನ್ನಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಏರ್ಪಾಡು ರಾಜ್ಯದಲ್ಲಿದೆ. ಟ್ಯಾಬ್ ಆ ದಾರಿ ತೋರಿಸದೆ ‘ನಿಮ್ಮ ಸ್ಕೋರ್ 62’ ಅಂದರೆ ಅದು ಉಪಕಾರವಿಲ್ಲದ ಅಂಕಿ.

ನೋವೇ ಇಲ್ಲದ ಕಡೆ ಇನ್ನೂ ಅಪಾಯ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶವೇ ಹೋಗಿರುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗದು. ಅವರು ನಕ್ಷೆಯಲ್ಲಿ ಪಾದವನ್ನು ಒತ್ತುವುದಿಲ್ಲ, ಒತ್ತುವುದಕ್ಕೆ ಅಲ್ಲಿ ನೋವೇ ಇಲ್ಲವಲ್ಲ. ಸಾಫ್ಟ್‌ವೇರ್ ಪಾದಕ್ಕೆ ಹಸಿರು ಬಣ್ಣ ಕೊಡುತ್ತದೆ. ಇದನ್ನು ಹಿಡಿಯುವುದು ತೆಳ್ಳಗಿನ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ‘ಗೊತ್ತಾಯ್ತಾ?’ ಅಂತ ಕೇಳುವ ನರ್ಸ್ ಮಾತ್ರ.

ನಮ್ಮ ಜಿಲ್ಲೆಗಳದೇ ಆದ ಉದಾಹರಣೆ ಫ್ಲೋರೈಡ್. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳು, ದಾವಣಗೆರೆ ಕಡೆಯ ಜಗಳೂರು ತಾಲ್ಲೂಕು ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ನರಳಿದ್ದು ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುವುದು ಭಾರತೀಯ ಮಾನಕ. ಇದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತವೆ. ದೊಡ್ಡವರಿಗೆ ಕತ್ತು, ಬೆನ್ನುಮೂಳೆ, ಮಂಡಿ ಬಿಗಿಯುತ್ತವೆ. ಕೆಲವರಿಗೆ ಬಗ್ಗಿ ಏಳುವುದೇ ಕಷ್ಟವಾಗುತ್ತದೆ.

ಇಂಥವರೊಬ್ಬರು ನಕ್ಷೆ ತುಂಬಿದರು ಅಂದುಕೊಳ್ಳಿ. ಕತ್ತು ಕೆಂಪು, ಸೊಂಟ ಕೆಂಪು, ಎರಡೂ ಮಂಡಿ ಕೆಂಪು. ಬೆಂಗಳೂರಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ನಕ್ಷೆಯೂ ಹೆಚ್ಚುಕಮ್ಮಿ ಹೀಗೇ ಇರಬಹುದು. ಆಫೀಸಿನವರಿಗಾಗಿ ಮಾಡಿದ ಸಾಫ್ಟ್‌ವೇರ್ ಇಬ್ಬರಿಗೂ ನೆಟ್ಟಗೆ ಕೂರಿ, ಕುರ್ಚಿ ಸರಿಮಾಡಿಕೊಳ್ಳಿ ಅಂತ ಸಲಹೆ ಕೊಟ್ಟು, ಒಂದು ಯೋಗದ ವಿಡಿಯೊ ಕಳಿಸುತ್ತದೆ. (ವಿಡಿಯೊ ಕಳಿಸುವುದು ಅಗ್ಗ. ಎಲ್ಲ ಆಪ್‌ಗಳಲ್ಲೂ ಅದು ಇರುವುದು ಅದಕ್ಕೇ.) ಈ ಕಡೆಯ ಡಾಕ್ಟರ್ ಆಗಿದ್ದರೆ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ‘ಯಾವ ಊರು, ಯಾವ ನೀರು ಕುಡೀತೀರಿ?’ ಅಂತ ಕೇಳುತ್ತಿದ್ದರು. ಆ ಒಂದು ಪ್ರಶ್ನೆಯನ್ನು ಸಾಫ್ಟ್‌ವೇರಿಗೂ ಸೇರಿಸಬಹುದು. ಸೇರಿಸಬೇಕು ಅಂತ ಹೊಳೆಯಬೇಕಾದರೆ ಮಾಡುವವರಿಗೆ ಜಗಳೂರು ಗೊತ್ತಿರಬೇಕು.

ನೂರು ಜನರ ನಕ್ಷೆ ಹೇಳುವ ಮಾತು

ಹಾಗಾದರೆ ಈ ನಕ್ಷೆ ಬೇಡವೇ ಬೇಡವಾ? ಹಾಗೇನಿಲ್ಲ. ಅದು ತುಂಬಾ ಚೆನ್ನಾಗಿ ಮಾಡುವ ಕೆಲಸವೊಂದಿದೆ. ಅದೇ ಕೆಲಸಕ್ಕೆ ಅದನ್ನು ಕಡಿಮೆ ಬಳಸುತ್ತಾರೆ ಅನ್ನುವುದೇ ಬೇಜಾರು.

ಒಬ್ಬರ ಮಂಡಿ ನೋವಿಗೆ ಕಾರಣ ನೂರು ಇರಬಹುದು. ಒಂದೇ ಕೆಲಸ ಮಾಡುವ ನೂರು ಜನರಲ್ಲಿ ಬಹಳಷ್ಟು ಮಂದಿ ಒಂದೇ ಜಾಗ ಒತ್ತಿದರೆ ನೋಡಬೇಕಾದ್ದು ಆ ಕೆಲಸವನ್ನು. ದಾವಣಗೆರೆಯ ಮಂಡಕ್ಕಿ ಭಟ್ಟಿ ತೆಗೆದುಕೊಳ್ಳಿ. ಕಾದ ಮರಳಿನಲ್ಲಿ ಅಕ್ಕಿ ಹುರಿಯಬೇಕು, ಜರಡಿ ಹಿಡಿಯಬೇಕು, ಬಿಸಿ ಹೊಗೆಯ ಮುಂದೆ ನಿಲ್ಲಬೇಕು. ಅಲ್ಲಿನವರ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಒಂದೇ ಹೆಗಲು, ಒಂದೇ ಮಣಿಕಟ್ಟು ಗಾಢ ಕೆಂಪಾಗಿ ಕಂಡರೆ ಜರಡಿಯ ಭಾರ, ಹಿಡಿಯ ಎತ್ತರ, ಬಿಡುವಿನ ಹೊತ್ತು ನೋಡಬೇಕೆಂದು ಅರ್ಥ. ಎಪಿಎಂಸಿ ಹಮಾಲರದಾದರೆ ಕತ್ತು, ಸೊಂಟ. ಅಲ್ಲಿ ಮಾತು ಹೋಗಬೇಕಾದ್ದು ಚೀಲದ ತೂಕಕ್ಕೆ. ವಯಸ್ಕ ಗಂಡಸು ಕೈಯಿಂದ ಹೊರುವ ಭಾರ 55 ಕಿಲೊ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರದಾದರೆ ಮಗ್ಗದ ಮುಂದೆ ಕೂರುವ ಎತ್ತರ, ಬೆಳಕು, ಕಾಲಿನಡಿ ಮಣೆ.

ಅಂದರೆ ಈ ನಕ್ಷೆ ಕೆಲಸದ ಬಗ್ಗೆ ಹೇಳುವಷ್ಟು ಚೆನ್ನಾಗಿ ರೋಗದ ಬಗ್ಗೆ ಹೇಳುವುದಿಲ್ಲ. ನಾರ್ಡಿಕ್ ಪ್ರಶ್ನಾವಳಿ ಹುಟ್ಟಿದ್ದೂ ಒಬ್ಬೊಬ್ಬರ ರೋಗ ಹಿಡಿಯಲಿಕ್ಕಲ್ಲ, ಕೆಲಸದ ಜಾಗ ಎಲ್ಲಿ ಕೆಟ್ಟಿದೆ ಅಂತ ತಿಳಿಯಲಿಕ್ಕೆ. ವೆಲ್‌ನೆಸ್ ಸಾಫ್ಟ್‌ವೇರ್ ಇದನ್ನು ತಿರುಗಾಮುರುಗಾ ಮಾಡುತ್ತದೆ. ಒಬ್ಬೊಬ್ಬರಿಗೂ ಸ್ಕೋರ್ ಕೊಟ್ಟು ‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ’ ಅನ್ನುತ್ತದೆ. ಸೊಂಟ ಹಿಡಿದ ಹಮಾಲ ಸೂರ್ಯ ನಮಸ್ಕಾರ ಮಾಡಬೇಕು. ಚೀಲದ ತೂಕ ಹಾಗೇ ಇರುತ್ತದೆ.

ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ತುಂಬುವ ಪಟ್ಟಿಯಲ್ಲೂ ಅಂಕ ಇದೆ. ವಯಸ್ಸು, ತಂಬಾಕು, ಸೊಂಟದ ಸುತ್ತಳತೆ ಮುಂತಾದವಕ್ಕೆ ಅಂಕ ಕೂಡಿ, 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಆ ಅಂಕದಿಂದ ಮುಂದಕ್ಕೆ ಒಂದು ದಾರಿ ಇದೆ: ಯಾವ ಆಸ್ಪತ್ರೆ, ಯಾವ ಪರೀಕ್ಷೆ. ವೆಲ್‌ನೆಸ್ ಸ್ಕೋರ್ ಆದಮೇಲೆ ಬರುವುದು ಬಹಳ ಸಲ ಇನ್ನೊಂದು ನೋಟಿಫಿಕೇಶನ್ ಅಷ್ಟೇ.

ಯಾರು ಏನು ಹೇಳುತ್ತಾರೆ

ಸಾಫ್ಟ್‌ವೇರ್ ಪರವಾದ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಓದಲು ಬಾರದವರೂ ಚಿತ್ರ ಒತ್ತಬಲ್ಲರು. ಕೆಳಹೊಟ್ಟೆಯ ನೋವನ್ನು ಅಪರಿಚಿತರ ಮುಂದೆ ಬಾಯಿಬಿಟ್ಟು ಹೇಳಲು ಹಿಂಜರಿಯುವ ಹೆಣ್ಣುಮಕ್ಕಳು ಮಾತಿಲ್ಲದೆ ತೋರಿಸಬಹುದು. ಹೋದ ವರ್ಷದ ನಕ್ಷೆಗೂ ಈ ವರ್ಷದ್ದಕ್ಕೂ ಹೋಲಿಕೆ ಸಿಗುತ್ತದೆ. ಇವೆಲ್ಲ ನಿಜ. ಆದರೆ ಟ್ಯಾಬ್ ಹಿಡಿದು ಪಕ್ಕದಲ್ಲಿ ನಿಂತವರು ಗಂಡಸು ಸಹಾಯಕರು, ಹಿಂದೆ ಸಾಲಿನಲ್ಲಿ ಸೂಪರ್‌ವೈಸರ್ ಅಂದರೆ ಎರಡನೇ ಲಾಭ ಅಲ್ಲಿಗೇ ಮುಗಿಯಿತು.

ವೈದ್ಯರಲ್ಲಿ ಎರಡು ಅಭಿಪ್ರಾಯ ಇವೆ. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದೇ ಕೆಲವು ನಿಮಿಷ, ಮೊದಲೇ ನಕ್ಷೆ ಇದ್ದರೆ ಎಲ್ಲಿಂದ ಕೇಳಬೇಕು ಅಂತ ತಿಳಿಯುತ್ತದೆ ಅನ್ನುವುದು ಒಂದು. ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ತಪ್ಪಿಹೋಗುತ್ತದೆ ಅನ್ನುವುದು ಇನ್ನೊಂದು. ನಕ್ಷೆಯ ಕೊನೆಯಲ್ಲಿ ಡಾಕ್ಟರ್ ಇದ್ದರೆ ಮೊದಲನೆಯವರು ಸರಿ, ಡಾಕ್ಟರ್ ಬದಲಿಗೆ ನಕ್ಷೆ ಇಟ್ಟರೆ ಎರಡನೆಯವರು ಸರಿ.

ಕಾರ್ಮಿಕರ ಭಯ ಬೇರೆಯೇ. ಗಣಿಗಳಲ್ಲಿ ಕಾಲಕಾಲಕ್ಕೆ ವೈದ್ಯಕೀಯ ಪರೀಕ್ಷೆ ಮೊದಲಿನಿಂದಲೂ ಕಡ್ಡಾಯ. ಅಲ್ಲಿ ಕೆಲಸ ಮಾಡುವವರಿಗೆ ‘ಅನ್‌ಫಿಟ್’ ಅಂದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಸೊಂಟ ಒತ್ತಿದರೆ ಗುತ್ತಿಗೆದಾರ ಮುಂದಿನ ತಿಂಗಳು ಕರೆಯದಿರಬಹುದು. ಹಾಗಾಗಿ ನೋವಿದ್ದರೂ ಒತ್ತದೆ ಮುಂದಕ್ಕೆ ಹೋಗುತ್ತಾರೆ. ಹಗುರ ಕೆಲಸ ಸಿಗಲಿ ಅಂತ ಇಲ್ಲದ್ದನ್ನು ಒತ್ತುವವರೂ ಇರಬಹುದು. ಎರಡರಿಂದಲೂ ನಕ್ಷೆ ಕೆಡುತ್ತದೆ. ಅಂದರೆ ಗುಟ್ಟು ಉಳಿಯುತ್ತದೆ ಅನ್ನುವ ನಂಬಿಕೆ ಇಲ್ಲದ ಕಡೆ ಈ ಲೆಕ್ಕವೇ ಸುಳ್ಳಾಗುತ್ತದೆ.

‘ಹೆಸರು ಕೊಡಲ್ಲ, ಒಟ್ಟು ಲೆಕ್ಕ ಮಾತ್ರ ಕೊಡುತ್ತೇವೆ’ ಅನ್ನುವ ಭರವಸೆಯನ್ನೂ ಸ್ವಲ್ಪ ಕೆದಕಿ ನೋಡಬೇಕು. ಮುನ್ನೂರು ಜನರ ವಿಭಾಗದಲ್ಲಿ ಅದಕ್ಕೆ ಅರ್ಥವಿದೆ. ಪ್ಯಾಕಿಂಗ್‌ನಲ್ಲಿ ಆರೇ ಜನ, ಅದರಲ್ಲಿ ಐವತ್ತು ದಾಟಿದ ಹೆಂಗಸು ಒಬ್ಬರೇ ಇದ್ದರೆ ಹೆಸರು ಬೇರೆ ಬೇಕಾ?

ಕಾನೂನು ಎಲ್ಲಿದೆ

ಮಾಹಿತಿ ರಕ್ಷಣಾ ಕಾಯ್ದೆ 2023ರದು. ನಿಯಮಗಳು ಬಂದರೂ ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇವರೆಗೆ. ಅಲ್ಲಿಯವರೆಗೆ ಆಸರೆ 2011ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳು. ಅವು ದೈಹಿಕ, ಮಾನಸಿಕ ಆರೋಗ್ಯದ ವಿವರವನ್ನು ಸೂಕ್ಷ್ಮ ಮಾಹಿತಿ ಅಂತ ಪ್ರತ್ಯೇಕವಾಗಿ ಹೆಸರಿಸಿವೆ. ಹೊಸ ಕಾಯ್ದೆಯಲ್ಲಿ ಆ ಪ್ರತ್ಯೇಕ ಪಟ್ಟಿ ಇಲ್ಲ. ಮಂಡಿ ನೋವೂ ಒಂದೇ, ಫೋನ್ ನಂಬರೂ ಒಂದೇ.

ಹೊಸ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳೂ ಇವೆ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಅದು ಜಾರಿಯಾದಾಗ ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಹಕ್ಕಾಗುತ್ತದೆ. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು. ಮಾಹಿತಿ ಭದ್ರವಾಗಿಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಆದರೆ ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ, ಮಾಹಿತಿ ಸೋರಿದವರ ಕೈಗಲ್ಲ.

ತೊಡಕು ಇರುವುದು ಏಳನೇ ಸೆಕ್ಷನ್‌ನಲ್ಲಿ. ಉದ್ಯೋಗಕ್ಕೆ ಸಂಬಂಧಿಸಿದ ಉದ್ದೇಶಕ್ಕೆ, ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಅನ್ನುತ್ತದೆ ಅದು. ಆರೋಗ್ಯ ತಪಾಸಣೆ ಉದ್ಯೋಗದ ಉದ್ದೇಶವಾ? ಕಾನೂನೇ ತಪಾಸಣೆ ಮಾಡಿಸಿ ಅಂದಮೇಲೆ ಹೌದು ಅಂತ ಮಾಲೀಕರ ವಕೀಲರು ವಾದಿಸುವುದು ಖಂಡಿತ. ತಪಾಸಣೆ ಬೇರೆ, ಅದರಲ್ಲಿ ಕಂಡದ್ದನ್ನು ಕೆಲಸದಿಂದ ತೆಗೆಯಲು ಬಳಸುವುದು ಬೇರೆ ಅಂತ ಕಾರ್ಮಿಕರ ಕಡೆಯವರು ಹೇಳುತ್ತಾರೆ. ಇದು ಕೋರ್ಟಿಗೆ ಹೋಗಿಯೇ ಬಗೆಹರಿಯುವ ಜಗಳ ಅನ್ನಿಸುತ್ತದೆ.

ಇನ್ನೊಂದು ಸಂದು ಇದೆ. ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರನ್ನೂ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನವೆಂದು ಪರಿಗಣಿಸಿದ್ದಾರೆ. ಅದಕ್ಕೆ ಲೈಸೆನ್ಸು, ಗುಣಮಟ್ಟ ಎಲ್ಲ ಬೇಕು. ಹಾಗಾಗಿ ವೆಲ್‌ನೆಸ್ ಆಪ್‌ಗಳು ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದು ರೋಗ ಪತ್ತೆಯಲ್ಲ’ ಅಂತ ಬರೆದುಕೊಳ್ಳುತ್ತವೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಮ್ಮ ಬೆನ್ನಿನ ಅಪಾಯ: ಹೆಚ್ಚು’ ಅಂತ ಇರುತ್ತದೆ.

ನೋವು ದಾಖಲಾದರೆ ಮುಂದೆ ವಿಮೆಗೆ ತೊಂದರೆಯಾದೀತು ಅನ್ನುವ ಆತಂಕವೂ ಜನರಲ್ಲಿದೆ. ಸುಮ್ಮನೆ ಮಂಡಿ ಒತ್ತಿದ ಮಾತ್ರಕ್ಕೆ ಅದು ‘ಮೊದಲೇ ಇದ್ದ ಕಾಯಿಲೆ’ ಆಗುವುದಿಲ್ಲ. ವಿಮಾ ಪ್ರಾಧಿಕಾರದ 2024ರ ನಿಯಮದ ಪ್ರಕಾರ, ಪಾಲಿಸಿಗೆ ಹಿಂದಿನ 36 ತಿಂಗಳೊಳಗೆ ಡಾಕ್ಟರ್ ಗುರುತಿಸಿದ ಇಲ್ಲವೇ ಚಿಕಿತ್ಸೆ, ಸಲಹೆ ಕೊಟ್ಟ ಕಾಯಿಲೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ನಕ್ಷೆ ನೋಡಿ ಆಪ್‌ನ ಡಾಕ್ಟರ್ ವಿಡಿಯೊ ಕರೆಯಲ್ಲಿ ಸಲಹೆ ಕೊಟ್ಟರೆ ಮಾತ್ರ ವಿಷಯ ಬದಲಾಗುತ್ತದೆ.

ಮುಂದೇನಾಗಬಹುದು

ಸಂಹಿತೆ ಬಂದ ತಕ್ಷಣ ಎಲ್ಲರಿಗೂ ತಪಾಸಣೆ ಸಿಗುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆ. ನಾಲ್ಕರಲ್ಲಿ ತಪಾಸಣೆಯ ಮಾತು ಇರುವ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಸಾಮಾನ್ಯವಾಗಿ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆಗೆ ಅನ್ವಯ. ಐದಾರು ಜನರ ಮಂಡಕ್ಕಿ ಭಟ್ಟಿ ಅದರಿಂದ ಹೊರಗೇ ಉಳಿಯುತ್ತದೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡ ನೇಕಾರರೂ ಹೊರಗೆ. ಹಮಾಲರಿಗಂತೂ ಮಾಲೀಕರು ಯಾರು ಅನ್ನುವುದೇ ಮೊದಲ ಪ್ರಶ್ನೆ. ಕೆಲಸದಿಂದ ಮೈ ಸವೆಯುವುದು ಜಾಸ್ತಿ ಇರುವ ಕಡೆಯೇ ನಕ್ಷೆಯೂ ಇಲ್ಲ, ಡಾಕ್ಟರೂ ಇಲ್ಲ. ಈ ಮೂರು ಗುಂಪಿಗೆ ನಕ್ಷೆ ಉಪಯೋಗವಾಗಬೇಕಾದರೆ ಅದು ಬರಬೇಕಾದ್ದು ಕಂಪನಿಯ ಆಪ್‌ನಲ್ಲಲ್ಲ. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರು ಭಟ್ಟಿಗೆ, ಮಾರ್ಕೆಟ್ಟಿಗೆ ಕಾಗದ ಹಿಡಿದು ಹೋದರೂ ಸಾಕು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ವೈದ್ಯಕೀಯ ಕಾಲೇಜುಗಳಿವೆ.

ತಪಾಸಣೆ ಸಿಗುವ ಕಡೆ ಏನಾಗುತ್ತದೆ ಅನ್ನುವುದು ನಿಯಮದ ವಿವರಗಳ ಮೇಲೆ ನಿಂತಿದೆ. ಖಾಸಗಿ ಕಾರ್ಖಾನೆಗಳ ಮಟ್ಟಿಗೆ ಬಹಳಷ್ಟು ವಿವರ ರಾಜ್ಯದ ನಿಯಮಗಳಲ್ಲಿ ಇರಬೇಕಾದ್ದು. ತಪಾಸಣೆ ಅಂದರೆ ಡಾಕ್ಟರ್ ನೋಡಲೇಬೇಕು ಅಂತ ಬರೆದರೆ ಟ್ಯಾಬ್ ಸಹಾಯಕ್ಕೆ ಉಳಿಯುತ್ತದೆ. ಬರೆಯದಿದ್ದರೆ ಟ್ಯಾಬೇ ತಪಾಸಣೆಯಾಗಿ, ರಿಜಿಸ್ಟರಿನಲ್ಲಿ ಟಿಕ್ ಬೀಳುತ್ತದೆ. ಮಾಲೀಕರಿಗೆ ಹೋಗುವುದು ವಿಭಾಗದ ಒಟ್ಟು ಚಿತ್ರ ಮಾತ್ರ, ಚಿಕ್ಕ ವಿಭಾಗಗಳನ್ನು ಒಟ್ಟುಗೂಡಿಸಿ ಕೊಡಬೇಕು ಅಂತ ಇದ್ದರೆ ಜನ ನಿಜ ಹೇಳುತ್ತಾರೆ. ಹೆಸರಿನ ಸಮೇತ ಹೋದರೆ ಮುಂದಿನ ವರ್ಷದ ನಕ್ಷೆಯಲ್ಲಿ ಯಾರಿಗೂ ನೋವೇ ಇರುವುದಿಲ್ಲ. ಆಗ ಕಂಪನಿ ಅದನ್ನು ತನ್ನ ವೆಲ್‌ನೆಸ್ ಕಾರ್ಯಕ್ರಮದ ಯಶಸ್ಸು ಅಂತ ತೋರಿಸಿಕೊಂಡರೂ ಆಶ್ಚರ್ಯವಿಲ್ಲ.

ಅಲ್ಲಿಯವರೆಗೆ ಸಾಲಿನಲ್ಲಿ ನಿಂತವರು ಟ್ಯಾಬ್ ಮುಟ್ಟುವ ಮೊದಲೇ ಕೇಳಬಹುದಾದ್ದು ಇಷ್ಟು: ಇದನ್ನು ಯಾರು ನೋಡುತ್ತಾರೆ, ಡಾಕ್ಟರ್ ಯಾವಾಗ ಸಿಗುತ್ತಾರೆ, ನಾನು ಒತ್ತಿದ್ದರ ಒಂದು ಪ್ರಿಂಟ್ ಕನ್ನಡದಲ್ಲಿ ಸಿಗುತ್ತದಾ? ಆ ಪ್ರಿಂಟ್ ಕೈಗೆ ಬಂದರೆ ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಲ್ಲಿ ಚೀಟಿ ಮಾಡಿಸುವಾಗ ಅದನ್ನೂ ಜೊತೆಗಿಡಬಹುದು. ಎಡ ಬಲ ಸರಿಯಿದೆಯಾ ಅಂತ ಒಮ್ಮೆ ನೋಡಿಕೊಂಡು.